ಹೊಗೆ ತೂಗಿದ ಮುನಿತಾಯಮ್ಮ

ಬೆಂಕಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಒಂದು ಊರು, ಆ ಊರಿಗೊಬ್ಬ ರಾಜ. ಗುಡಿಗೆ ಗಂಟೆ ಮಾಡಿಸಬೇಕೆಂದು ಅವನು ಒಬ್ಬ ಎರಕದವನಿಗೆ ನೂರು ಸೇರು ಹಿತ್ತಾಳೆ ತೂಗಿ ಕೊಟ್ಟ. ಗಂಟೆ ಚೆನ್ನಾಗಿಯೇ ಬಂತು, ಮೂರು ಊರಿಗೆ ಕೇಳುವಂಥ ದನಿಯೂ ಬಂತು. ತೂಗಿ ನೋಡಿದರೆ ಮಾತ್ರ ತೊಂಬತ್ತನಾಲ್ಕೇ ಸೇರು. "ಉಳಿದ ಆರು ಸೇರು ಎಲ್ಲಿ?" ಎಂದ ರಾಜ. "ಹೊಗೆಯಾಗಿ ಹೋಯಿತು ದೊರೆಯೇ" ಎಂದ ಎರಕದವನು. "ಹಾಗಾದರೆ ಹೊಗೆಯನ್ನು ತೂಗಿ ತೋರಿಸು. ಅಲ್ಲಿಯವರೆಗೆ ನೀನು ಕಳ್ಳ" ಎಂದ ರಾಜ.

ಅಜ್ಜಿಯರ ಬಾಯಲ್ಲಾದರೆ ಕಥೆ ಇಲ್ಲಿಗೆ ಬಂದಾಗ ಒಂದು ಗಿಳಿಯೋ ಇರುವೆಯೋ ಬಂದು ಎರಕದವನ ಕಿವಿಯಲ್ಲಿ ಉಪಾಯ ಹೇಳುತ್ತದೆ. ಬೆಂಗಳೂರಿನ ಲಗ್ಗೆರೆಯಲ್ಲಿ ಯಾವ ಗಿಳಿಯೂ ಬರಲಿಲ್ಲ. ಎರಕದವನು ಕಳ್ಳನೆಂದೇ ಕರೆಸಿಕೊಂಡು ಕಣ್ಣು ಮುಚ್ಚಿದ. ಹೊಗೆ ತೂಗುವ ಕೆಲಸ ಅವನ ಹೆಂಡತಿಯ ಪಾಲಿಗೆ ಬಂತು. ಅವನ ಹೆಸರು ಬೈರಯ್ಯ. ಅವಳ ಹೆಸರು ಮುನಿತಾಯಮ್ಮ, ಈಗ ಐವತ್ತಾರು ವರ್ಷ.

ಶನಿವಾರ, ಬೆಳಗಿನ ಐದೂವರೆ. ಲಗ್ಗೆರೆಯ ಒಳಗಲ್ಲಿಯೊಂದರಲ್ಲಿ ತಗಡಿನ ಛಾವಣಿಯ ಹಿತ್ತಾಳೆ ಎರಕದ ಶೆಡ್ಡು. ಕುಲುಮೆಯ ಮೇಲೆ ದೊಡ್ಡ ಕೊಡೆಯ ಹಾಗೆ ಬಾಗಿರುವ ಹೊಗೆಗೂಡಿನೊಳಗೆ ಅರ್ಧ ಮೈ ತೂರಿಸಿ, ಸ್ಟೂಲಿನ ಮೇಲೆ ನಿಂತು, ಮುನಿತಾಯಮ್ಮ ತೆಂಗಿನಕಡ್ಡಿ ಪೊರಕೆಯಿಂದ ಗುಡಿಸುತ್ತಿದ್ದಾರೆ. ಸೆರಗು ಮೂಗಿಗೆ ಬಿಗಿದಿದೆ. ಪೊರಕೆ ಆಡಿದಲ್ಲೆಲ್ಲ ಬೂರುಗದ ಹತ್ತಿಯಂಥ ಬೆಳ್ಳನೆಯ ಎಳೆಗಳು ಬಿಡಿಸಿಕೊಂಡು, ಬೀಳುವುದಕ್ಕೆ ಮನಸ್ಸಿಲ್ಲದ ಹಾಗೆ ತೇಲುತ್ತ ಇಳಿಯುತ್ತವೆ. ಅವರ ಹುಬ್ಬಿನ ಮೇಲೆ, ಬೈತಲೆಯ ಮೇಲೆ, ಬ್ಲೌಸಿನ ತೋಳಿನ ಮೇಲೆ ಕೂರುತ್ತವೆ. ನೋಡಲು ಬಹಳ ಚಂದ. ಇಲ್ಲಿ ಕೆಲಸ ಮಾಡುವವರು ಇದನ್ನು ಹತ್ತಿ ಎಂದೇ ಕರೆಯುತ್ತಾರೆ. ಹಿತ್ತಾಳೆಯಲ್ಲಿ ತಾಮ್ರದ ಜೊತೆಗಿರುವ ಸತು ಬೆಂಕಿಯ ಬಿಸಿಗೆ ಹೊಗೆಯಾಗಿ ಎದ್ದು, ತಣ್ಣಗಾದಾಗ ಹೀಗೆ ಹತ್ತಿಯಾಗಿ ಕೂರುತ್ತದೆ.

"ಏನಕ್ಕಾ, ಸುಣ್ಣ ಬಳೀತಿದ್ಯಾ? ಸೋಮವಾರ ಒಡೆಯೋ ಕುಲುಮೆಗೆ ಹಬ್ಬಾನಾ?" ಎನ್ನುತ್ತ ಮುರುಗೇಶ್ ಒಳಗೆ ಬರುತ್ತಾನೆ. ನಲವತ್ತನಾಲ್ಕರ ಮುರುಗೇಶ್ ಇಲ್ಲಿ ಲೋಹ ಕರಗಿಸುವವನು. ಬೈರಯ್ಯನ ಕೈಕೆಳಗೆ ಕೆಲಸ ಕಲಿತವನು.

"ಹಳೇ ಹೊಗೆ ಇವತ್ತಿನ ಹೊಗೆ ಜತೆ ಸೇರಬಾರ್ದು ಕಣೋ. ಸೇರಿದ್ರೆ ನನ್ ತೂಕ ಕೆಡ್ತದೆ. ನೀನು ಆ ಬೂಟ್ಸಲ್ಲಿ ನೆಲ ತುಳೀಬೇಡ, ಈಗ್ ತಾನೆ ಒರ್ಸಿದೀನಿ."

"ಒಳ್ಳೇ ಆಪರೇಷನ್ ಥಿಯೇಟರ್ ಮಾಡ್ಬಿಟ್ಟೆ ನೋಡು," ಎಂದು ಮುರುಗೇಶ್ ಬಾಗಿಲಲ್ಲೇ ಬೂಟು ಒದರುತ್ತಾನೆ.

ಇದು ಈ ಕುಲುಮೆಯ ಕೊನೆಯ ಉರಿ. ಶೆಡ್ಡಿರುವ ಜಾಗ ಮಾರಾಟವಾಗಿದೆ. ಕಾರ್ಖಾನೆ ಊರಾಚೆ, ತುಮಕೂರು ರಸ್ತೆಯ ಕಡೆ ಹೋಗುತ್ತದೆ. ಅಲ್ಲಿ ವಿದ್ಯುತ್ ಕುಲುಮೆಯಂತೆ. ಮುನಿತಾಯಮ್ಮ ಅಲ್ಲಿಗೆ ಹೋಗುವುದಿಲ್ಲ. ಹದಿನಾರು ವರ್ಷದ ಹಿಂದೆ ಮಾಲೀಕರು ಗಂಡನಿಗೆ ಹೇಳಿದ ಕೆಲಸ ಇವತ್ತು ಆಗದಿದ್ದರೆ ಇನ್ನು ಆಗುವುದಿಲ್ಲ.

ಮುನಿತಾಯಮ್ಮನ ದಿನದ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು, ಯಾಕೆಂದರೆ ಅದರ ಬಗ್ಗೆ ಯಾರೂ ಹೇಳುವುದಿಲ್ಲ. ಪಶ್ಚಿಮ ಬೆಂಗಳೂರಿನ ಸಾವಿರಾರು ಅಡುಗೆಮನೆಗಳಲ್ಲಿ ತಿರುಗಿಸುವ ನಲ್ಲಿಗಳು ಇಂಥ ಶೆಡ್ಡುಗಳಲ್ಲಿ ಹುಟ್ಟಿದವು. ಹಳೆಯ ನಲ್ಲಿ, ತುಂಡು ಪೈಪು, ಮುರಿದ ಚಿಲಕಗಳನ್ನು ಮೂಸೆಯಲ್ಲಿ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು ಹೊಸ ನಲ್ಲಿ ಮಾಡುತ್ತಾರೆ. ಹೊಯ್ಯುವ ಮುಂಚೆ ಮೂಸೆಯ ಮೇಲೆ ಕೆನೆಯ ಹಾಗೆ ಕಟ್ಟುವ ಕಸವನ್ನು ತೆಗೆದು ಪಕ್ಕಕ್ಕೆ ಹಾಕುತ್ತಾರೆ. ಅದು ಕಿಟ್ಟ. ಆ ಕಿಟ್ಟವನ್ನು ಕುಟ್ಟಿ, ಜರಡಿ ಹಿಡಿದು, ನೀರಲ್ಲಿ ಜಾಲಿಸಿ, ಅದರೊಳಗೆ ಸಾಸಿವೆ ಕಾಳಿನಂತೆ ಅಡಗಿರುವ ಹಿತ್ತಾಳೆಯನ್ನು ಹುಡುಕಿ ತೆಗೆಯುವುದು ಮುನಿತಾಯಮ್ಮನ ಕೆಲಸ. ದಿನಕ್ಕೆ ನಲವತ್ತು ಕಿಲೋ ಕಿಟ್ಟ, ಬೂದಿ, ಮರಳು ಅವರ ಜರಡಿ ದಾಟುತ್ತದೆ. ಸಂಜೆಗೆ ಐದಾರು ಕಿಲೋ ಕಾಳು ಸಿಗುತ್ತದೆ. ಹನ್ನೆರಡು ವರ್ಷದಿಂದ ಇದೇ. ಬಲಗೈ ಹೆಬ್ಬೆರಳಿನ ಗೆರೆ ಪೂರ್ತಿ ಸವೆದಿದೆ. ರೇಷನ್ ಅಂಗಡಿಯ ಬೆರಳಚ್ಚು ಯಂತ್ರ ಅವರನ್ನು ಗುರುತು ಹಿಡಿಯುವುದಿಲ್ಲ.

"ಕಳ್ಕೊಂಡಿದ್ದನ್ನ ಹುಡುಕೋದೇ ನನ್ ಕಸುಬು," ಎಂದು ಮುನಿತಾಯಮ್ಮ ನಗದೆ ಹೇಳುತ್ತಾರೆ. "ಎಲ್ಲಾರ್ದೂ ಹುಡುಕ್ಕೊಟ್ಟೆ."

ಮುನಿತಾಯಮ್ಮ ಹಳೇ ಲಗ್ಗೆರೆಯ ಊರಿನವರು. ಊರು ಹೋಗಿ ಬಡಾವಣೆ ಬಂದಾಗ ಮನೆಯ ಹೊಲಗಳ ಮೇಲೆ ಶೆಡ್ಡುಗಳೆದ್ದವು. ಹೊಲ ಉತ್ತವರ ಮಗ ಬೈರಯ್ಯ ಅದೇ ನೆಲದ ಮೇಲೆ ಕುಲುಮೆ ಉರಿಸಿದ. ಒಳ್ಳೆಯ ಕೈ ಅವನದು. ಮೂಸೆಯಲ್ಲಿ ಲೋಹ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಜ್ವಾಲೆಯ ಬಣ್ಣ ನೋಡಿಯೇ ಹೇಳುತ್ತಿದ್ದ. ಮೊದಲ ಮೂಸೆ ಇಳಿಸುವ ಮುಂಚೆ ಗಾಜಿನ ಪುಡಿ, ಉಪ್ಪು ಸೇರಿಸಿದ್ದನ್ನು ಹಿಡಿ ತುಂಬ ತೆಗೆದು, ಕಣ್ಣು ಮುಚ್ಚಿ ಒಳಗೆ ಎಸೆಯುತ್ತಿದ್ದ. ಗಾಜು ಕರಗಿ ಲೋಹದ ಮೇಲೆ ಹೊದಿಕೆಯಾಗುತ್ತದೆ. ಉಪ್ಪು ಕುಲುಮೆಯೊಳಗಿನ ತಾಯಿಗೆ.

ಅವನಿಗೆ ಒಂದು ರೋಗವೂ ಇತ್ತು. ವಾರವಿಡೀ ಚೆನ್ನಾಗಿರುತ್ತಿದ್ದ. ಭಾನುವಾರ ರಜೆ. ಸೋಮವಾರ ಕುಲುಮೆ ಮುಂದೆ ನಿಂತು ಮನೆಗೆ ಬಂದರೆ ಸಂಜೆಗೆ ಗಡಗಡ ಚಳಿ, ಮೈ ಸುಡುವ ಜ್ವರ. ಮಂಗಳವಾರ ಬೆಳಗ್ಗೆ ಏನೂ ಆಗಿಲ್ಲದ ಹಾಗೆ ಎದ್ದು ಹೋಗುತ್ತಿದ್ದ. ಹಿತ್ತಾಳೆ ಕರಗಿಸುವವರಿಗೆಲ್ಲ ಇದು ಗೊತ್ತು. ಒಂದು ದಿನ ಹೊಗೆ ತಪ್ಪಿದರೆ ಮೈ ಅದನ್ನು ಮರೆಯುತ್ತದೆ, ಮಾರನೆಯ ದಿನ ಮತ್ತೆ ಕುಡಿದಾಗ ಜ್ವರ ಬರುತ್ತದೆ. ಹೊಗೆ ಕುಡಿದಾಗಲೆಲ್ಲ ಬಾಯಿ ಸಿಹಿಯಾಗುತ್ತದೆ, ಸೋಮವಾರವಾದರೆ ಅದರ ಹಿಂದೆಯೇ ಜ್ವರ. ನೀರು ಕುಡಿದರೂ ಸಿಹಿ, ಮೆಣಸಿನಕಾಯಿ ಕಡಿದರೂ ಅದರ ಹಿಂದೆ ಒಂದು ಸಿಹಿ. "ನಮ್ಮೆಜಮಾನ್ರು ಸೋಮವಾರ ಸಂಜೆ ಬಂದು 'ತಾಯೀ, ಬಾಯಿ ಸಿಹಿ ಕಣೇ' ಅಂದ್ರೆ ನಾನು ಕಂಬಳಿ ತೆಗ್ದಿಡ್ತಿದ್ದೆ," ಎನ್ನುತ್ತಾರೆ ಮುನಿತಾಯಮ್ಮ. ಕಾರ್ಖಾನೆಯ ಮಾಲೀಕ ಸಿದ್ದಬಸಪ್ಪನವರು ಅದಕ್ಕೊಂದು ಬೇರೆ ಹೆಸರಿಟ್ಟಿದ್ದರು: ಭಾನುವಾರ ಕುಡಿದದ್ದು ಇಳಿದಿಲ್ಲ. ಬೈರಯ್ಯ ಹೆಂಡ ಮುಟ್ಟಿದವನಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಸಿದ್ದಬಸಪ್ಪನವರು ಎರಡು ಬದಲಾವಣೆ ಮಾಡಿದರು. ಗಟ್ಟಿ ಹಿತ್ತಾಳೆ ಕೊಳ್ಳುವುದು ಬಿಟ್ಟು ಅಗ್ಗದ ಹಳೇ ನಲ್ಲಿಗಳನ್ನು ತರಿಸಿದರು. ಅದರಲ್ಲಿ ಸತು ಜಾಸ್ತಿ. ಕಲ್ಲಿದ್ದಲಿನ ಕುಲುಮೆ ತೆಗೆದು ಎಣ್ಣೆಯದು ಹಾಕಿಸಿದರು. ಅದರ ಉರಿ ಜೋರು. ಮೊದಲು ನೂರು ಕಿಲೋ ಕರಗಿಸಿದರೆ ಮೂರು ಕಿಲೋ ಹೊಗೆಗೂ ಕಿಟ್ಟಕ್ಕೂ ಹೋಗುತ್ತಿತ್ತು. ಈಗ ಆರು ಹೋಗತೊಡಗಿತು. ವರ್ಷದ ಕೊನೆಗೆ ಸ್ಟಾಕು ನೋಡಿದಾಗ ಹಳೆಯ ಮೂರು ಅವರ ಕಣ್ಣಿಗೆ ಸರಿಯಾಗಿ ಕಂಡಿತು. ಹೊಸ ಮೂರು ಬೈರಯ್ಯನ ಜೇಬಿನಲ್ಲಿ ಕಂಡಿತು.

ಒಂದು ಶನಿವಾರ ಸಂಜೆ ಗೇಟಿನಲ್ಲಿ ಬೈರಯ್ಯನನ್ನು ನಿಲ್ಲಿಸಿದರು. ಎಲ್ಲ ಕೆಲಸಗಾರರ ಎದುರು ಅಂಗಿ ಬಿಚ್ಚಿಸಿದರು. ವಾಚ್‌ಮನ್ ವೆಂಕಟರಮಣಪ್ಪ ಊಟದ ಡಬ್ಬಿ ತೆರೆದು ತೋರಿಸಿದ. ಅದರಲ್ಲಿ ಅರ್ಧ ಮುದ್ದೆ, ತಳದಲ್ಲಿ ಇಷ್ಟು ಬಸ್ಸಾರು. "ಇವತ್ತಿಲ್ಲ. ದಿನಾ ಇದರಲ್ಲೇ ಹೋಗಿದೆ," ಎಂದರು ಸಿದ್ದಬಸಪ್ಪನವರು. ಬೈರಯ್ಯ ಒಂದೇ ಮಾತು ಹೇಳಿದ: "ಹೊಗೇಲಿ ಹೋಗೈತೆ ಸಾಹುಕಾರ್ರೇ." ಅವರು ನಕ್ಕರು. "ಹಂಗಾದ್ರೆ ಹೊಗೆ ತೂಗಿ ತೋರ್ಸು, ಡಬ್ಬಿ ತಗೊಂಡು ಹೋಗು," ಎಂದು ಡಬ್ಬಿಯನ್ನು ಆಫೀಸಿನೊಳಗೆ ಇರಿಸಿಕೊಂಡರು.

ಎರಡು ಅಂತಸ್ತಿನ ಸ್ಟೀಲ್ ಡಬ್ಬಿ ಅದು. ಮುನಿತಾಯಮ್ಮನ ತವರಿನವರು ಮದುವೆಗೆ ಕೊಟ್ಟದ್ದು. ಮುಚ್ಚಳದ ಮೇಲೆ ಬೈರಯ್ಯನ ಹೆಸರನ್ನು ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ.

ಆಮೇಲೆ ಬೈರಯ್ಯನಿಗೆ ಯಾರೂ ಕುಲುಮೆ ಕೊಡಲಿಲ್ಲ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಪೀಣ್ಯ, ಎಲ್ಲಿ ಹೋದರೂ ಅವನಿಗಿಂತ ಮುಂಚೆ ಅವನ ಹೆಸರು ಹೋಗಿ ಕೂತಿರುತ್ತಿತ್ತು. ಮರದ ಮಂಡಿಯಲ್ಲಿ ದಿಮ್ಮಿ ಹೊತ್ತ. ನಾಲ್ಕು ವರ್ಷದಲ್ಲಿ ಎದೆ ಕೈಕೊಟ್ಟಿತು. ಎಕ್ಸ್‌ರೇ ಹಿಡಿದು ನೋಡಿದ ಡಾಕ್ಟರು, "ಒಳಗೆ ಪೂರ್ತಿ ಧೂಳಮ್ಮಾ," ಎಂದರು.

"ಅವತ್ತು ನಂಗೆ ನಗು ಬಂತು," ಎನ್ನುತ್ತಾರೆ ಮುನಿತಾಯಮ್ಮ. "ಡಬ್ಬಿ ತೆಗೆದು ನೋಡಿದ್ರಲ್ಲ, ಎದೆ ತೆಗೆದು ನೋಡಿದ್ರೆ ಸಿಕ್ತಿತ್ತು ಅವ್ರ ಹಿತ್ತಾಳೆ. ಸಾಯೋ ಮುಂದೆ ಇವ್ರು ನನ್ ಕೈ ಹಿಡ್ಕೊಂಡು, 'ಹೊಗೆ ತೂಗಿಬಿಡು ತಾಯೀ' ಅಂದ್ರು. ಜ್ವರದಲ್ಲಿ ಏನೋ ಅಂತಾವ್ರೆ ಅಂದ್ಕೊಂಡು ಹೂಂ ಅಂದೆ. ಅಂದ್ಮೇಲೆ ಮುಗೀತಲ್ಲ, ಮಾಡ್ಬೇಕು."

ತಿಥಿ ಮುಗಿದ ವಾರಕ್ಕೆ ಮುನಿತಾಯಮ್ಮ ಅದೇ ಗೇಟಿಗೆ ಬಂದು ಕೆಲಸ ಕೇಳಿದರು. ಸಿದ್ದಬಸಪ್ಪನವರು ಅದನ್ನು ತಮ್ಮ ದೊಡ್ಡ ಮನಸ್ಸು ಎಂದುಕೊಂಡು ಜರಡಿ ಕೊಟ್ಟರು. ಹನ್ನೆರಡು ವರ್ಷ, ದಿನವೂ ಸಂಜೆ, ವೆಂಕಟರಮಣಪ್ಪ ಮುನಿತಾಯಮ್ಮನ ಚೀಲವನ್ನೂ ತೆರೆದು ನೋಡಿದ. ಆಫೀಸಿನ ಕಸ ಗುಡಿಸಲು ಹೋದಾಗಲೆಲ್ಲ ಅವರು ಕಪಾಟಿನ ಮೇಲಿನ ಡಬ್ಬಿಯನ್ನು ನೋಡಿದರು. ಮೇಲಿನ ಅಂತಸ್ತಿನಲ್ಲಿ ವಾಷರು, ಕೆಳಗಿನದರಲ್ಲಿ ಗುಂಡುಸೂಜಿ.

ಹತ್ತು ವರ್ಷ ಹೊಗೆ ಛಾವಣಿಯ ಸಂದಿಯಿಂದ ಹೊರಗೆ ಹೋಗಿ ಲಗ್ಗೆರೆಯ ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗೆ ಕೂತಿತು. ಹಿಡಿಯುವ ದಾರಿ ಇರಲಿಲ್ಲ. ಎರಡು ವರ್ಷದ ಹಿಂದೆ ಅಕ್ಕಪಕ್ಕದವರು ದೂರು ಕೊಟ್ಟರು. ಮಾಲಿನ್ಯ ಮಂಡಳಿಯವರು ಬಂದು ನೋಟಿಸು ಅಂಟಿಸಿದರು. ಆಗ ಸಿದ್ದಬಸಪ್ಪನವರ ಮಗ ಚನ್ನವೀರೇಶ್ ಕುಲುಮೆಯ ಮೇಲೆ ಹೊಗೆಗೂಡು ಕಟ್ಟಿಸಿ, ಹೊಗೆಯನ್ನು ಫ್ಯಾನಿನಲ್ಲಿ ಎಳೆದು ಉದ್ದನೆಯ ಬಟ್ಟೆ ಚೀಲಗಳಲ್ಲಿ ಸೋಸುವ ಯಂತ್ರ ಹಾಕಿಸಿದ. ಕೆಲಸಗಾರರು ಕೆಮ್ಮಿದಾಗ ಬಾರದ ಯಂತ್ರ ಮಹಡಿಯ ಬಟ್ಟೆ ಕೊಳೆಯಾದಾಗ ಬಂತು. ಬಂದದ್ದೇ ಸಾಕು. ಚೀಲದ ತಳದಲ್ಲಿ ಹತ್ತಿ ತುಂಬಿದ್ದನ್ನು ಮೊದಲ ಸಲ ಕಂಡಾಗ ಮುನಿತಾಯಮ್ಮ ಅದರೊಳಗೆ ಮೊಣಕೈವರೆಗೆ ಕೈ ಅದ್ದಿ ನಿಂತುಬಿಟ್ಟರಂತೆ.

ಕಳೆದ ತಿಂಗಳು ಒಂದು ಮಧ್ಯಾಹ್ನ, ಮುರುಗೇಶನನ್ನು ಒಪ್ಪಿಸಿ, ಒಂದು ಮೂಸೆಯನ್ನು ಪೂರ್ತಿ ತೂಗಿ ನೋಡಿದರು. ಹಾಕಿದ್ದು, ಹೊಯ್ದದ್ದು, ಕಿಟ್ಟ, ನೆಲಕ್ಕೆ ಚೆಲ್ಲಿದ್ದು. ಕಡಿಮೆ ಬಿದ್ದದ್ದು ಎರಡು ಕಿಲೋ ಆರುನೂರು ಗ್ರಾಂ. ಚೀಲ ಒದರಿದರೆ ಅದರಲ್ಲಿ ಮೂರು ಕಿಲೋ ಇನ್ನೂರು.

ಹೋದದ್ದಕ್ಕಿಂತ ಸಿಕ್ಕಿದ್ದು ಹೆಚ್ಚು. ಮುನಿತಾಯಮ್ಮ ಇನ್ನೊಮ್ಮೆ ತೂಗಿದರು, ಅಷ್ಟೇ ಬಂತು. "ಕಮ್ಮಿ ಬಂದಾಗ ಕಳ್ಳ ಅಂದ್ರು. ಜಾಸ್ತಿ ಬಂದ್ರೆ ಬಿಡ್ತಾರಾ? ಹಿಟ್ಟು ಬೆರ್ಸಿ ತಂದವ್ಳೆ ಅಂತಾರೆ."

ಅವತ್ತು ಸಂಜೆ ಅವರು ಒಂದು ಹಿಡಿ ಹತ್ತಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗೇಟು ದಾಟಿದರು. ವೆಂಕಟರಮಣಪ್ಪ ಚೀಲ ನೋಡಿದ, ಸೆರಗು ನೋಡಲಿಲ್ಲ. ಬೈರಯ್ಯನ ಮನೆಯವರು ಈ ಗೇಟಿನಿಂದ ಹೇಳದೆ ಹೊರಗೆ ತಂದದ್ದು ಅದೊಂದೇ ಹಿಡಿ.

ಭಾನುವಾರ ಬೆಳಗ್ಗೆ ಮುನಿತಾಯಮ್ಮ ಬಸವೇಶ್ವರನಗರದ ಒಂದು ಮನೆಗೆ ಕಸಮುಸುರೆಗೆ ಹೋಗುತ್ತಾರೆ. ಅದು ಬಸವರಾಜೇಶ್ವರಿ ಮೇಡಂ ಮನೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಸೆರಗಿನ ಗಂಟು ಬಿಚ್ಚಿ ಅಡುಗೆಕಟ್ಟೆಯ ಮೇಲೆ ಸುರಿದಾಗ ಮೇಡಂ ಕನ್ನಡಕ ಹಾಕಿಕೊಂಡರು. ಎಲ್ಲ ಕೇಳಿದ ಮೇಲೆ ಬೀರುವಿನ ಹಿಂದಿನಿಂದ ಒಂದು ಉಂಡೆ ಕಬ್ಬಿಣದ ನಾರು ಹುಡುಕಿ ತಂದು, ಕೇಕಿಗೆ ಮೈದಾ ತೂಗುವ ಪುಟ್ಟ ತಕ್ಕಡಿಯ ಮೇಲಿಟ್ಟರು. ಇಪ್ಪತ್ತು ಗ್ರಾಂ. ಅದನ್ನು ಚೆನ್ನಾಗಿ ಬಿಡಿಸಿ ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದರು. ನಾರು ಕೆಂಪಗೆ ಹೊಳೆದು, ಹೊಳಪು ಓಡಾಡಿ, ಕಪ್ಪಾಯಿತು.

"ಈಗ ಕಮ್ಮಿ ಆಗಿರುತ್ತೋ ಜಾಸ್ತಿ ಆಗಿರುತ್ತೋ ಹೇಳು."

"ಸುಟ್ಟಿದ್ದು ಕಮ್ಮಿ ಆಗ್ದೆ ಇನ್ನೇನ್ ಮೇಡಂ."

ತಕ್ಕಡಿ ಇಪ್ಪತ್ತೆರಡು ತೋರಿಸಿತು.

"ಉರಿಯೋವಾಗ ಗಾಳಿ ಬಂದು ಅದರೊಳಗೆ ಕೂತ್ಕೊಂಡಿದೆ," ಎಂದರು ಮೇಡಂ. "ನಿನ್ನ ಸತುವಿನಲ್ಲೂ ಅಷ್ಟೆ. ನಾಲ್ಕು ಪಾಲು ಸತು ಒಂದು ಪಾಲು ಗಾಳಿ ಸೇರಿ ಐದು ಪಾಲು ಹತ್ತಿ ಆಗಿದೆ. ಹತ್ತಿ ತೂಕದಲ್ಲಿ ಐದನೇ ಒಂದು ಪಾಲು ಗಾಳೀದು ಅಂತ ತೆಗೆದುಬಿಡು. ಉಳಿದಿದ್ದೆಲ್ಲ ನಿಮ್ಮ ಸಾಹುಕಾರರ ಸತು."

"ಗಾಳಿಗೂ ತೂಕ ಐತಾ ಮೇಡಂ?"

"ಇಲ್ದೆ ಏನು. ಇರೋದು ಎಲ್ಲೂ ಹೋಗಲ್ಲ ಮುನಿತಾಯಿ, ಇಲ್ಲದ್ದು ಎಲ್ಲಿಂದಲೂ ಬರಲ್ಲ. ರಾಶಿ ಸಂರಕ್ಷಣೆಯ ನಿಯಮ ಅಂತಾರೆ. ಒಂಬತ್ತನೇ ಕ್ಲಾಸಿನ ಪಾಠ."

ಮುನಿತಾಯಮ್ಮ ಹತ್ತಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡರಂತೆ. ಆಮೇಲೆ ಕೇಳಿದ್ದು ಒಂದೇ: "ಒಂಬತ್ತನೇ ಕ್ಲಾಸಲ್ಲೇ ಐತಾ?"

ಬೈರಯ್ಯ ಓದಿದ್ದು ಐದನೇ ಕ್ಲಾಸು. ಹೊಗೆಯಲ್ಲಿ ಹೋಗಿದೆ ಎನ್ನುವುದಷ್ಟೇ ಅವನಿಗೆ ಗೊತ್ತಿತ್ತು, ತೋರಿಸುವ ಮಾತು ಗೊತ್ತಿರಲಿಲ್ಲ. ಆ ಮಾತು ಗೊತ್ತಿದ್ದವರು ಅವತ್ತು ಗೇಟಿನಲ್ಲೇ ಇದ್ದರು. ಚನ್ನವೀರೇಶ್ ಆಗ ಎಂಜಿನಿಯರಿಂಗ್ ಓದುತ್ತಿದ್ದ. ಕೊನೆಯ ಉರಿಯನ್ನು ತೂಗಲು ಬಿಡಿ ಎಂದು ಕೇಳಲು ಮುನಿತಾಯಮ್ಮ ಆಫೀಸಿಗೆ ಹೋದಾಗ ಆ ಮಾತು ಹೊರಗೆ ಬಿತ್ತು.

"ಯಾಕಮ್ಮಾ ಈಗ ಆ ಹಳೇ ಕಥೆ?" ಎಂದ ಚನ್ನವೀರೇಶ್ ಮೊದಲಿಗೆ. ಆಮೇಲೆ ಮೆಲ್ಲಗೆ, "ಝಿಂಕ್ ಲಾಸ್ ಅಂತ ಇರುತ್ತೆ, ಗೊತ್ತಿದೆ. ಸೆಕೆಂಡ್ ಇಯರ್‌ನಲ್ಲೇ ಓದಿದ್ವಿ," ಎಂದ.

"ಅವತ್ತು ನೀವು ಗೇಟ್ ತಾವ ಇದ್ರಿ. ಬೈಕ್ ಮೇಲೆ ಕೂತಿದ್ರಿ."

"ಇದ್ದೆ."

"ಗೊತ್ತಿತ್ತಾ?"

"ಗೊತ್ತಿತ್ತು. ಅಪ್ಪಾಜಿ ಮುಂದೆ ಯಾರು ಮಾತಾಡ್ತಿದ್ರು ಹೇಳಿ? ನಾನು ಆಗ ಹುಡುಗ."

"ಇಪ್ಪತ್ತೊಂದು ವರ್ಸ," ಎಂದರು ಮುನಿತಾಯಮ್ಮ. "ಆ ವಯಸ್ಸಿಗೆ ನಮ್ಮೆಜಮಾನ್ರು ಎರಡು ಕುಲುಮೆ ನೋಡ್ಕೊತಿದ್ರು." ಚನ್ನವೀರೇಶ್ ಕಂಪ್ಯೂಟರಿನ ಕಡೆ ತಿರುಗಿ, "ಶನಿವಾರ ಮಾಡ್ಕೊಳಿ. ಪ್ರೊಡಕ್ಷನ್ ಲೇಟ್ ಆಗ್ಬಾರ್ದು," ಎಂದ.

ಹಾಗೆ ಬಂದ ಶನಿವಾರ ಇದು. ಆರೂವರೆಗೆ ತೂಕ ಶುರುವಾಗುತ್ತದೆ. ಐದು ಕಿಲೋ ಮುದ್ರೆಯ ಕಬ್ಬಿಣದ ಕಲ್ಲಿಟ್ಟು ಮುನಿತಾಯಮ್ಮ ಮೊದಲು ತೂಕದ ಕಾಟಾವನ್ನೇ ಪರೀಕ್ಷೆ ಮಾಡುತ್ತಾರೆ. ಎಂಬತ್ತು ಕಿಲೋ ಹಳೇ ನಲ್ಲಿಗಳು. ಒಂದೊಂದನ್ನೂ ಒದರಿ, ಒಳಗೆ ಸುಣ್ಣವೋ ನೀರೋ ಇದೆಯೇ ಎಂದು ಬಗ್ಗಿ ನೋಡಿ ಹಾಕುತ್ತಾರೆ. ಏಳಕ್ಕೆ ಬರ್ನರು ಗುಡುಗುತ್ತದೆ. ಎಂಟೂವರೆಯ ಹೊತ್ತಿಗೆ ಮೂಸೆಯ ಬಾಯಲ್ಲಿ ಹಸಿರು ಅಂಚಿನ ಜ್ವಾಲೆ ಕುಣಿಯುತ್ತದೆ, ಹತ್ತಿ ಎದ್ದು ಹೊಗೆಗೂಡಿನೊಳಗೆ ಏರುತ್ತದೆ. ಮುರುಗೇಶನ ಕೈ ಅಭ್ಯಾಸದಿಂದ ಉಪ್ಪು, ಗಾಜಿನ ಪುಡಿಯ ತಗಡಿನ ಡಬ್ಬಕ್ಕೆ ಹೋಗುತ್ತದೆ. ಹಿಡಿ ತುಂಬುತ್ತದೆ. ಕಣ್ಣು ಮುಚ್ಚುತ್ತದೆ.

"ಏಯ್ ನಿಲ್ಲೋ!"

ಮುರುಗೇಶ್ ಬೆಚ್ಚಿ ನಿಲ್ಲುತ್ತಾನೆ. ಮುನಿತಾಯಮ್ಮ ತಟ್ಟೆ ಹಿಡಿದು ಓಡಿ ಬರುತ್ತಾರೆ. "ಇದ್ರಲ್ಲಿ ಹಾಕು. ತೂಗಿ ಆಮೇಲ್ ಎಸಿ."

"ಅಯ್ಯೋ ಅಕ್ಕಾ, ತಾಯಿಗೆ ಕೊಡೋದನ್ನೂ ತೂಗ್ತೀಯಾ? ಕಣ್ಣು ಕುರುಡಾಗೋಗ್ತದೆ ನಂಗೆ."

"ತಾಯಿ ಬೇಜಾರ್ ಮಾಡ್ಕೊಳಲ್ಲ. ಅವ್ಳಿಗೆ ಗೊತ್ತೈತೆ ಯಾರ್ ಕದ್ರು ಅಂತ. ಇವ್ರಿಗೆ ಗೊತ್ತಿಲ್ಲ, ಇವ್ರಿಗೆ ತೂಗ್ತಿರೋದು."

ಮೂರು ಹಿಡಿ, ಐನೂರು ಗ್ರಾಂ. ಮುರುಗೇಶ್ ಕೆನ್ನೆ ಬಡಿದುಕೊಂಡು ಎಸೆಯುತ್ತಾನೆ. ಒಟ್ಟು ಎಂಬತ್ತೂವರೆ ಕಿಲೋ.

ಹೊಯ್ಯುವುದು, ಅಚ್ಚು ಒಡೆಯುವುದು, ತಣಿಯುವುದು, ಮರಳು ಜರಡಿ ಹಿಡಿಯುವುದು, ಎಲ್ಲ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟುತ್ತದೆ. ಮುನಿತಾಯಮ್ಮ ಊಟ ಮಾಡಿಲ್ಲ. ಚೀಲಗಳನ್ನು ತಾವೇ ಬಿಚ್ಚಿ, ಹೊಲಿಗೆಯ ಒಳಗಿನದನ್ನೂ ಉಗುರಿನಲ್ಲಿ ಕೆರೆದು ಒದರುತ್ತಾರೆ. ಗೂಡಿನ ಮೂಲೆಗಳನ್ನು ಬ್ರಷ್ಷಿನಲ್ಲಿ ಉಜ್ಜುತ್ತಾರೆ. ಒಂದು ಎಳೆ ಹಾರಿ ಬಾಗಿಲ ಕಡೆ ತೇಲಿದರೆ, ಚಿಟ್ಟೆ ಹಿಡಿಯುವವರ ಹಾಗೆ ಎರಡೂ ಕೈ ಚಾಚಿ ಅದರ ಹಿಂದೆ ಹೋಗುತ್ತಾರೆ. ಯಾರೂ ನಗುವುದಿಲ್ಲ. ಕೆಲಸಗಾರರೆಲ್ಲ ಕಾಟಾದ ಸುತ್ತ ನಿಂತಿದ್ದಾರೆ. ಚನ್ನವೀರೇಶ್ ಕೂಡ ಫೋನು ಜೇಬಿಗಿಟ್ಟು ಬಂದು ನಿಂತಿದ್ದಾನೆ.

ಹೊಸ ನಲ್ಲಿಗಳು ಮತ್ತು ಉಳಿಕೆ ಲೋಹ ಎಪ್ಪತ್ತನಾಲ್ಕು ಕಿಲೋ ಒಂಬೈನೂರು. ಕಿಟ್ಟ ಎರಡು ಕಿಲೋ ಇನ್ನೂರೈವತ್ತು. ನೆಲದ ಮೇಲಿನದು, ಮರಳಿನೊಳಗಿನದು ಐನೂರು. ಮುನಿತಾಯಮ್ಮ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೂಡುತ್ತಾರೆ, ಕಳೆಯುತ್ತಾರೆ. ಕಡಿಮೆ ಬಿದ್ದದ್ದು ಎರಡು ಕಿಲೋ ಎಂಟುನೂರೈವತ್ತು.

ಹತ್ತಿ ತೂಗುತ್ತಾರೆ. ಮೂರು ಕಿಲೋ ಐನೂರೈವತ್ತು. ಅದರಲ್ಲಿ ಐದನೇ ಒಂದು ಪಾಲು ಗಾಳಿ, ಏಳುನೂರ ಹತ್ತು. ಕಳೆದರೆ ಉಳಿಯುವ ಸತು ಎರಡು ಕಿಲೋ ಎಂಟುನೂರ ನಲವತ್ತು.

ಚನ್ನವೀರೇಶ್ ಫೋನು ತೆಗೆದು ತಾನೂ ಒಂದು ಸಲ ಲೆಕ್ಕ ಹಾಕಿ ನೋಡುತ್ತಾನೆ. "ಕರೆಕ್ಟಾಗಿದೆ," ಎನ್ನುತ್ತಾನೆ. ಆಮೇಲೆ ವಾತಾವರಣ ತಿಳಿ ಮಾಡಲು ನಗುತ್ತ, "ಹತ್ತು ಗ್ರಾಂ ಕಮ್ಮಿ ಇದೆ ನೋಡಮ್ಮಾ. ಹೋಗ್ಲಿ, ಅದು ಮಾಫಿ," ಎಂದುಬಿಡುತ್ತಾನೆ.

ಮುನಿತಾಯಮ್ಮನ ಮುಖ ಬಿಗಿಯುತ್ತದೆ. "ಮಾಫಿ ಬ್ಯಾಡ." ಅವರು ತಿರುಗಿ ಮುರುಗೇಶನನ್ನು ನೋಡುತ್ತಾರೆ. "ಮುರುಗೇಶಾ, ಬಾಯಿ ಹೆಂಗೈತೋ?"

ಮುರುಗೇಶ್ ಉಗುಳು ನುಂಗುತ್ತಾನೆ. "ಸಿಹಿ ಐತೆ ಅಕ್ಕಾ."

"ಅಲ್ಲೈತೆ ನಿಮ್ ಹತ್ತು ಗ್ರಾಂ. ಸೇರ್ಸಿ ಬರ್ಕೊಳಿ."

ಚನ್ನವೀರೇಶನ ನಗು ಹೋಗುತ್ತದೆ. ಏನಾದರೂ ಮಾಡಬೇಕೆಂದು ಅನ್ನಿಸಿತೇನೋ, ರಾಜಾಜಿನಗರದ ಮನೆಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕುತ್ತಾನೆ. ಸಿದ್ದಬಸಪ್ಪನವರಿಗೆ ಎಂಬತ್ತೆರಡು. ದನಿ ಇನ್ನೂ ಗಟ್ಟಿಯಾಗಿದೆ.

"ಅಪ್ಪಾಜಿ, ಆ ಬೈರಯ್ಯಂದು ಚೆಕ್ ಮಾಡಿದ್ವಿ. ಲಾಸ್ ಪೂರ್ತಿ ಹೊಗೇಲೇ ಹೋಗಿರೋದು. ಅವ್ರು ತಗೊಂಡಿರ್ಲಿಲ್ಲ."

"ಯಾವ ಬೈರಯ್ಯ?"

"ನಮ್ಮ ಮೆಲ್ಟರ್ ಅಪ್ಪಾಜಿ. ಲಗ್ಗೆರೆ ಬೈರಯ್ಯ. ಡಬ್ಬಿ ಇಟ್ಕೊಂಡಿದ್ರಲ್ಲ."

ಆ ಕಡೆ ಟಿವಿಯ ಸದ್ದು ಕೇಳುತ್ತದೆ. "ನೆನಪಾಗ್ತಿಲ್ಲಪ್ಪಾ. ಎಷ್ಟು ಜನ ಬಂದ್ರು, ಎಷ್ಟು ಜನ ಹೋದ್ರು. ಲಾರಿ ಎಷ್ಟೊತ್ತಿಗೆ ಬರುತ್ತಂತೆ?"

ಕಥೆಯ ರಾಜನಿಗೆ ಕೊನೆಯಲ್ಲಿ ನಾಚಿಕೆಯಾಗುತ್ತದೆ, ಸಿಂಹಾಸನದಿಂದ ಇಳಿದು ಬರುತ್ತಾನೆ. ಈ ರಾಜನಿಗೆ ತಾನು ಕೇಳಿದ್ದೇ ಮರೆತಿದೆ.

ಮುನಿತಾಯಮ್ಮ ಫೋನಿನ ಕಡೆ ನೋಡುವುದೂ ಇಲ್ಲ. ಆಫೀಸಿಗೆ ನಡೆದು, ಕಪಾಟಿನ ಮೇಲಿಂದ ಡಬ್ಬಿ ಇಳಿಸಿ, ವಾಷರುಗಳನ್ನು ಮೇಜಿನ ಮೇಲೆ ಸುರಿಯುತ್ತಾರೆ. ಗುಂಡುಸೂಜಿಗಳನ್ನು ಒಂದೂ ಬಿಡದೆ ಬಡಿದು ಉದುರಿಸುತ್ತಾರೆ. 'ಬೈರಯ್ಯ' ಎಂಬ ಚುಕ್ಕಿಗಳ ಸಾಲನ್ನು ಸೆರಗಿನಿಂದ ಒರೆಸುತ್ತಾರೆ. ಯಾರೂ ತಡೆಯುವುದಿಲ್ಲ. ಮುರುಗೇಶ್ ಗೇಟಿನವರೆಗೆ ಹಿಂದೆ ಬರುತ್ತಾನೆ. ಸೋಮವಾರದ ಜ್ವರಕ್ಕೆ ಇನ್ನು ಕಾರಣವಿಲ್ಲ ಎಂದು ಅವನಿಗೂ ಗೊತ್ತು, ಹೊಸ ಜಾಗದಲ್ಲಿ ತನಗೆ ಕೆಲಸವಿದೆಯೋ ಇಲ್ಲವೋ ಅದು ಮಾತ್ರ ಗೊತ್ತಿಲ್ಲ.

ಗೇಟಿನಲ್ಲಿ ವೆಂಕಟರಮಣಪ್ಪ ಕುರ್ಚಿಯಿಂದ ಏಳುತ್ತಾನೆ. ಡಬ್ಬಿ ನೋಡಿ ಮುಖ ಬೇರೆ ಕಡೆ ತಿರುಗಿಸಿ, "ಹೋಗ್ ಬನ್ನಿ ಮುನಿತಾಯಮ್ಮಾ," ಎಂದು ಗೇಟು ಎಳೆಯುತ್ತಾನೆ.

ಮುನಿತಾಯಮ್ಮ ಕದಲುವುದಿಲ್ಲ. ಮೇಲಿನ ಅಂತಸ್ತು ತೆಗೆಯುತ್ತಾರೆ. ಕೆಳಗಿನದು ತೆಗೆಯುತ್ತಾರೆ. ಎರಡನ್ನೂ ಅವನ ಮುಖದ ಮುಂದೆ ಹಿಡಿಯುತ್ತಾರೆ.

"ನೋಡಪ್ಪಾ."

"ಬ್ಯಾಡಮ್ಮಾ, ಇರ್ಲಿ."

"ಇರ್ಲಿ ಅನ್ನೋ ಹಂಗಿಲ್ಲ. ಅವತ್ತು ಎಲ್ಲಾರ್ ಮುಂದೆ ನೋಡ್ದಲ್ಲ, ಇವತ್ತೂ ನೋಡು. ಸರ್ಯಾಗ್ ನೋಡು."

ವೆಂಕಟರಮಣಪ್ಪ ಬಗ್ಗಿ ನೋಡುತ್ತಾನೆ. ಬಹಳ ಹೊತ್ತು ನೋಡುತ್ತಾನೆ.

"ಏನೂ ಇಲ್ಲಮ್ಮಾ," ಎನ್ನುತ್ತಾನೆ ಕೊನೆಗೆ. "ಖಾಲಿ."

"ಹೂಂ," ಎಂದು ಮುನಿತಾಯಮ್ಮ ಮುಚ್ಚಳ ಹಾಕುತ್ತಾರೆ.